ಅಪ್ಪನ ಎರಡು ಮುಚ್ಚಳಿಕೆಗಳು

ಸೈಕ್ಲೋಸ್ಟೈಲ್ ಮಾಡಿದ ಕಾಗದಕ್ಕೆ ಅದರದೇ ಒಂದು ವಾಸನೆಯಿದೆ. ಸ್ವಲ್ಪ ಸೀಮೆಎಣ್ಣೆಯ ಹಾಗೆ, ಸ್ವಲ್ಪ ಹೊಸ ಚಪ್ಪಲಿಯ ಹಾಗೆ. ಸರ್ಕಾರದ ಲಕೋಟೆ ಒಡೆದಾಗ ಒಳಗಿರುವುದನ್ನು ಕಣ್ಣು ಓದುವ ಮೊದಲೇ ಮೂಗು ಓದಿಬಿಡುತ್ತದೆ. ಕಳೆದ ಮಂಗಳವಾರ ಕೆಂಗೇರಿಯ ನಮ್ಮ ಆರೋಗ್ಯ ಕೇಂದ್ರಕ್ಕೆ ಅಂಥದೊಂದು ಲಕೋಟೆ ನನ್ನ ಹೆಸರಿಗೆ ಬಂತು. ಒಳಗೆ ಒಂದೇ ಹಾಳೆ. ಅಚ್ಚಾದ ಸಾಲುಗಳ ನಡುವೆ ಚುಕ್ಕಿ ಬಿಟ್ಟ ಜಾಗದಲ್ಲಿ ಯಾರೋ ನೀಲಿ ಶಾಯಿಯಿಂದ ನನ್ನ ಹೆಸರು ತುಂಬಿದ್ದರು. ಮೂರು ವರ್ಷಗಳ ಕಡ್ಡಾಯ ಸೇವೆಯನ್ನು ತೃಪ್ತಿಕರವಾಗಿ ಪೂರೈಸಿರುವುದರಿಂದ ಸದರಿಯವರನ್ನು ಮುಚ್ಚಳಿಕೆಯ ಷರತ್ತುಗಳಿಂದ ಬಿಡುಗಡೆ ಮಾಡಿದೆ, ಇಚ್ಛಿಸಿದಲ್ಲಿ ಸೇವೆಯಲ್ಲಿ ಮುಂದುವರಿಯಬಹುದು ಎಂದಿತ್ತು. ತೃಪ್ತಿ ಯಾರಿಗೆ ಆಯಿತೆಂದು ಬರೆದಿರಲಿಲ್ಲ. ನಾನು ಹಾಳೆಯನ್ನು ಎರಡು ಸಲ ಮೂಸಿ ನೋಡಿದೆ. ಪಕ್ಕದಲ್ಲಿದ್ದ ಕಾಂಪೌಂಡರ್ ನನ್ನನ್ನು ವಿಚಿತ್ರವಾಗಿ ನೋಡಿದ್ದರಿಂದ ಮೂರನೆಯ ಸಲ ಮೂಸಲಿಲ್ಲ.

ಇದೇ ವಾಸನೆಯ ಇನ್ನೊಂದು ಕಾಗದ ಆರು ವರ್ಷಗಳ ಹಿಂದೆ ನಮ್ಮ ಮನೆಗೆ ಬಂದಿತ್ತು. ಆಗ ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿ ಕುಳಿತಿದ್ದೆ. ರಾಜ್ಯದ ಹೆಸರು ಇನ್ನೂ ಮೈಸೂರು ಎಂದೇ ಇತ್ತು. ಆ ಕಾಗದದ ನೆತ್ತಿಯ ಮೇಲೂ ಹಾಗೆಯೇ ಅಚ್ಚಾಗಿತ್ತು. ಅರ್ಜಿ ಹಾಕಿದ್ದು ಒಂದು ರಾಜ್ಯಕ್ಕೆ, ಸೇವೆ ಮಾಡಿದ್ದು ಇನ್ನೊಂದಕ್ಕೆ ಎಂದು ನಾನು ಹಾಸ್ಟೆಲಿನಲ್ಲಿ ಗೆಳತಿಯರಿಗೆ ಹೇಳಿ ನಗಿಸುತ್ತಿದ್ದೆ.

ಕಾಗದ ತಂದುಕೊಟ್ಟವರು ನಮ್ಮ ಮುಂದಿನ ಪೋರ್ಷನ್ನಿನಲ್ಲಿ ಬಾಡಿಗೆಗಿದ್ದ ಹಿರೇಮಠ ಸಾರ್. ಧಾರವಾಡದ ಕಡೆಯವರು, ಯಾವುದೋ ಇಲಾಖೆಯಲ್ಲಿ ಗುಮಾಸ್ತರು. ನನಗೆ ಡೈರಿಯ ಹುಚ್ಚು ಹಿಡಿಸಿದವರೂ ಅವರೇ. ಅವರ ಕಚೇರಿಯಲ್ಲಿ ಉಳಿದುಹೋದ ಹಿಂದಿನ ವರ್ಷದ ಡೈರಿಯೊಂದನ್ನು ನನಗೆ ಕೊಟ್ಟಿದ್ದರು. ವಾರಗಳು ಹೊಂದುವುದಿಲ್ಲವಲ್ಲ, ಮುನ್ನೂರ ಅರವತ್ತೈದು ಪುಟಗಳಲ್ಲೂ ಕೆಂಪು ಶಾಯಿಯಿಂದ ವಾರ ತಿದ್ದಿದೆ. ಎರಡು ಸಂಜೆ ಹಿಡಿಯಿತು. ಅಂದಿನಿಂದ ಇಂದಿನವರೆಗೆ ಒಂದು ದಿನವೂ ಬಿಟ್ಟಿಲ್ಲ. ಏನು ಬರೆದೆ ಎಂದು ಕೇಳಬೇಡಿ. ಎಷ್ಟು ಗಂಟೆಗೆ ಎದ್ದೆ, ಎಮ್ಮೆ ಎಷ್ಟು ಸೇರು ಕರೆಯಿತು, ಹಿರೇಮಠ ಸಾರ್ ಮನೆಗೆ ಎಷ್ಟು ಕಾಗದ ಬಂತು, ಇವೇ. ಆ ತಾರೀಖುಗಳನ್ನೆಲ್ಲ ಇಲ್ಲಿ ಹಾಕಿ ನಿಮ್ಮನ್ನು ದಣಿಸುವುದಿಲ್ಲ. ಆದರೆ ಎಷ್ಟು ಸಲ, ಎಷ್ಟು ದಿನ ಎಂದು ನಾನು ಹೇಳಿದಾಗ ಅದು ಅಂದಾಜಲ್ಲ ಎಂಬುದು ನಿಮ್ಮ ಗಮನದಲ್ಲಿರಲಿ.

ನರ್ಸ್ ಆಗಬೇಕೆಂದು ನನಗೆ ಯಾಕನ್ನಿಸಿತು? ಸಂದರ್ಶನದಲ್ಲಿ ಸೇವಾ ಮನೋಭಾವ ಎಂದು ಹೇಳಿದೆ. ಎಲ್ಲರೂ ಅದನ್ನೇ ಹೇಳಿದ್ದರು. ನಿಜವಾದ ಕಾರಣ ಬೇರೆ. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಅಮ್ಮನಿಗೆ ಟೈಫಾಯ್ಡ್ ಆಗಿ ಸರ್ಕಾರಿ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ಹತ್ತೊಂಬತ್ತು ದಿನ ಇದ್ದರು. ಅವರ ಮಂಚದ ಕಾಲಿನ ಕಡೆ ಒಂದು ಹಲಗೆಗೆ ಜ್ವರದ ಚಾರ್ಟು ಸಿಕ್ಕಿಸಿದ್ದರು. ನಾಲ್ಕು ಗಂಟೆಗೊಮ್ಮೆ ಸಿಸ್ಟರ್ ಬಂದು ಥರ್ಮಾಮೀಟರ್ ನೋಡಿ ಒಂದು ಚುಕ್ಕಿ ಇಟ್ಟು, ಹಿಂದಿನ ಚುಕ್ಕಿಗೆ ಗೆರೆ ಎಳೆದು ಹೋಗುತ್ತಿದ್ದರು. ಅಮ್ಮನ ಮುಖ ನೋಡಿದರೆ ನನಗೆ ಏನೂ ತಿಳಿಯುತ್ತಿರಲಿಲ್ಲ. ಆ ಗೆರೆ ನೋಡಿದರೆ ಎಲ್ಲ ತಿಳಿಯುತ್ತಿತ್ತು. ಹದಿನಾಲ್ಕನೆಯ ದಿನ ಗೆರೆ ಇಳಿಯತೊಡಗಿದಾಗ, ಅಮ್ಮ ಬದುಕುತ್ತಾರೆ ಎಂದು ಡಾಕ್ಟರಿಗಿಂತ ಮೊದಲು ಅಪ್ಪನಿಗೆ ಹೇಳಿದವಳು ನಾನು. ಇಂಥ ಗೆರೆ ಎಳೆಯುವ ಕೆಲಸಕ್ಕೆ ಸಂಬಳವೂ ಕೊಡುತ್ತಾರೆಂದು ಗೊತ್ತಾದ ಮೇಲೆ ಬೇರೆ ಯೋಚನೆಯೇ ಬರಲಿಲ್ಲ.

ಹಿರೇಮಠ ಸಾರ್ ತಂದ ಅರ್ಜಿಯಲ್ಲಿ ಮೂರು ಹಾಳೆಗಳಿದ್ದವು. ಆಯ್ಕೆಯಾದವರಿಗೆ ಮೂರು ವರ್ಷ ಸರ್ಕಾರದ ಖರ್ಚಿನಲ್ಲಿ ತರಬೇತಿ, ಹಾಸ್ಟೆಲ್, ಸಮವಸ್ತ್ರ, ತಿಂಗಳಿಗೆ ವಿದ್ಯಾರ್ಥಿವೇತನ. ಅದಾದ ಮೇಲೆ ಮೂರು ವರ್ಷ ಸರ್ಕಾರ ಹೇಳಿದಲ್ಲಿ ಕೆಲಸ. ಮೊದಲೆರಡು ಹಾಳೆಗಳನ್ನು ನಾನೇ ತುಂಬಿದೆ. ಎತ್ತರ, ತೂಕ, ಗುರುತಿನ ಮಚ್ಚೆ. ಮಚ್ಚೆಗೆ ಎರಡು ಗೆರೆ ಇತ್ತು. ನನಗೆ ಒಂದೇ ಮಚ್ಚೆ. ಎರಡನೆಯ ಗೆರೆ ಖಾಲಿ ಬಿಡಲು ಮನಸ್ಸಾಗದೆ ಅಮ್ಮನಿಂದ ಬೆನ್ನೆಲ್ಲ ಹುಡುಕಿಸಿದೆ. ಮೂರನೆಯ ಹಾಳೆಯ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಒಂದೇ ಪದವಿತ್ತು: ಮುಚ್ಚಳಿಕೆ. ಅಭ್ಯರ್ಥಿಯ ತಂದೆ ಅಥವಾ ಪೋಷಕರು ಅಧಿಕಾರಿಯ ಎದುರಿನಲ್ಲಿ ಸಹಿ ಮಾಡತಕ್ಕದ್ದು ಎಂದು ಕೆಳಗಿತ್ತು.

ಆ ಸಂಜೆ ಅಪ್ಪ ಹಾಲಿನ ಕ್ಯಾನುಗಳನ್ನು ಸೈಕಲ್ಲಿನಿಂದ ಇಳಿಸುತ್ತಿದ್ದಾಗ ಹೋಗಿ ವಿಷಯ ಹೇಳಿದೆ. ಅಪ್ಪ ಎಲ್ಲಕ್ಕೂ ತಲೆಯಾಡಿಸಿದರು. ಸಹಿ ಎಲ್ಲಿ ಎಂದು ಕೇಳಿದರು. ಮೂರನೆಯ ಹಾಳೆ ತೋರಿಸಿದೆ. ಅವರು ದೀಪದ ಕಡೆಗೆ ಹಿಡಿದು ನೆತ್ತಿಯ ಮೇಲಿನ ಪದವನ್ನು ಓದಿದರು. ಅದರಾಚೆ ಓದಲಿಲ್ಲ.

"ಇದು ಆಗಲ್ಲ," ಎಂದರು.

"ಯಾಕಪ್ಪ?"

"ನಾನೇನ್ ಕದ್ದಿದೀನಾ, ನೀನೇನ್ ಕದ್ದಿದೀಯಾ? ಮುಚ್ಚಳಿಕೆ ಬರ್ಕೊಡೋದು ಎಂಥೋರು?" ಕಾಗದವನ್ನು ನನ್ನ ಕೈಗಿಟ್ಟು ಬಚ್ಚಲಿಗೆ ಹೋದರು.

ಗುಟ್ಟು ಆ ಪದದಲ್ಲಿತ್ತು. ಇಂಗ್ಲಿಷಿನಲ್ಲಿ ಅದನ್ನು ಬಾಂಡ್ ಅನ್ನುತ್ತಾರೆ. ಬಾಂಡ್ ಬ್ಯಾಂಕಿನಲ್ಲಿಯೂ ಇರುತ್ತದೆ, ದೊಡ್ಡ ಮನುಷ್ಯರ ಮನೆಯಲ್ಲಿಯೂ ಇರುತ್ತದೆ. ಕನ್ನಡ ಮಾಡಿದವರು ಕೋಶ ನೋಡಿ ಮುಚ್ಚಳಿಕೆ ಎಂದು ಹಾಕಿದ್ದರು. ತಪ್ಪೇನಲ್ಲ. ಆದರೆ ನಮ್ಮ ಕಡೆ ಆ ಪದ ಇದ್ದದ್ದು ಒಂದೇ ಜಾಗದಲ್ಲಿ, ಪೊಲೀಸ್ ಸ್ಟೇಷನ್ನಿನಲ್ಲಿ. ಕುಡಿದು ಗಲಾಟೆ ಮಾಡಿದವನು, ಹೆಂಡತಿಗೆ ಹೊಡೆದವನು, ಪಕ್ಕದವನ ಬದು ಕಡಿದವನು ಬರೆದುಕೊಟ್ಟು ಬರುವುದಕ್ಕೆ ಮುಚ್ಚಳಿಕೆ ಎಂದು ಹೆಸರು.

ಹಿರೇಮಠ ಸಾರ್ ಬಂದು ತಿಳಿಹೇಳಿದರು. "ಗೌಡ್ರ, ಇದು ಕಳ್ಳರ ಮುಚ್ಚಳಿಕಿ ಅಲ್ರೀ. ಹುಡುಗಿ ಓದು ಮುಗಿಸಿ ಓಡಿ ಹೋಗಬಾರದು ಅಂತ ಒಂದು ಕರಾರು, ಅಷ್ಟ."

"ಓಡಿ ಹೋಗ್ತಾಳೆ ಅಂತ ಅವರಿಗ್ಯಾಕೆ ಅನುಮಾನ, ಸಾರ್?"

ಹಿರೇಮಠ ಸಾರ್ ಮತ್ತೆ ಬರಲಿಲ್ಲ.

ಅಮ್ಮ ನನಗೆ ಪೂರ್ತಿ ಕತೆ ಹೇಳಿದ್ದು ಮರುದಿನ, ಬೆರಣಿ ತಟ್ಟುವಾಗ. ನಮ್ಮದು ಮೂಲದಲ್ಲಿ ಹಳ್ಳಿಯ ಒಕ್ಕಲು ಮನೆ. ಈಗ ಬಸವೇಶ್ವರನಗರ ಅನ್ನುವ ಕಡೆ ನಮಗೆ ಎರಡು ಎಕರೆ ಚಿಲ್ಲರೆ ರಾಗಿ ಹೊಲ ಇತ್ತು. ನಾನು ಎರಡನೆಯ ತರಗತಿಯಲ್ಲಿದ್ದಾಗ ಅದು ಬಡಾವಣೆಗೆ ಹೋಯಿತು. ಸರ್ವೆಯವರು ಸರಪಳಿ ಹಿಡಿದು ಬಂದು ಕಲ್ಲು ನೆಟ್ಟು ಹೋದ ದಿನ ಅಪ್ಪ ಮೂರು ಕಲ್ಲು ಕಿತ್ತು ಬಾವಿಗೆ ಹಾಕಿದರಂತೆ. ಮರುದಿನ ಸ್ಟೇಷನ್ನಿಗೆ ಕರೆಸಿದರು. ಊರಿನವರೆಲ್ಲ ಹೊರಗೆ ನಿಂತು ನೋಡುತ್ತಿದ್ದಾಗ, ಇನ್ನು ಆ ಜಮೀನಿಗೆ ಕಾಲಿಡುವುದಿಲ್ಲ, ಯಾರಿಗೂ ಅಡ್ಡಿ ಮಾಡುವುದಿಲ್ಲ ಎಂದು ಬರೆಸಿಕೊಂಡು ಕಳಿಸಿದರು.

"ಅವತ್ತಿಂದ ಕಾಲಿಟ್ಟಿಲ್ಲ ನೋಡು," ಎಂದರು ಅಮ್ಮ. "ಬಸ್ಸಿಗೆ ಹೋಗ್ಬೇಕಾದ್ರೆ ಕೆರೆ ಏರಿ ಸುತ್ಕೊಂಡು ಹೋಗ್ತಾರಲ್ಲ, ಮತ್ಯಾಕೆ ಅಂದ್ಕೊಂಡಿದ್ದೆ ನೀನು?"

ಗಾಳಿ ಸೇವನೆಗೆ ಅಂದುಕೊಂಡಿದ್ದೆ. ನಮ್ಮ ಮನೆಯಿಂದ ಬಸ್ ನಿಲ್ದಾಣಕ್ಕೆ ನೆಟ್ಟಗೆ ಡಾಂಬರು ರಸ್ತೆಯಿದೆ. ಅದು ನಮ್ಮ ಹೊಲದ ನಡುವೆಯೇ ಹಾದುಹೋಗುತ್ತದೆ. ಈಗ ಅದರ ಎರಡು ಬದಿಗೂ ಮನೆಗಳು. ಆ ಮನೆಗಳವರು ಹಾಲಿಗೆ ಬಂದು ಕೇಳಿದಾಗ ಅಪ್ಪ ಇಲ್ಲ ಅನ್ನುತ್ತಿದ್ದರು. ಎಮ್ಮೆ ಸಾಲದು ಅನ್ನುತ್ತಿದ್ದರು. ಎಮ್ಮೆ ಸಾಲುತ್ತಿತ್ತು ಎಂಬುದಕ್ಕೆ ನನ್ನ ಡೈರಿಯಲ್ಲಿ ಆಧಾರವಿದೆ. ಅಂದು ಸಂಜೆ ನಾನು ಎರಡು ದಾರಿಗಳನ್ನೂ ನಡೆದು ಅಳೆದೆ. ನೆಟ್ಟಗೆ ಹೋದರೆ ಆರುನೂರ ನಲವತ್ತು ಹೆಜ್ಜೆ, ಏರಿಯ ಮೇಲೆ ಸಾವಿರದ ಐನೂರಕ್ಕೆ ಹತ್ತು ಹೆಚ್ಚು. ಅಳೆದು ಏನಾಗಬೇಕಿತ್ತೋ ತಿಳಿಯದು. ಕೈಲಾಗದಿದ್ದಾಗ ಎಣಿಸುವುದು ನನ್ನ ಸ್ವಭಾವ.

ಅರ್ಜಿ ಕೊಡಲು ಇನ್ನು ಹನ್ನೊಂದು ದಿನ ಇತ್ತು. ನಾನು ನೇರವಾಗಿ ಕೇಳಿದ್ದು ಮೂರು ಸಲ. ಅಮ್ಮ ಕೇಳಿದ್ದು ಒಂಬತ್ತು ಸಲ, ಅದರಲ್ಲಿ ಎರಡು ಸಲ ಅಳುತ್ತ. ಅಪ್ಪ ಬೈಯಲಿಲ್ಲ, ರೇಗಲಿಲ್ಲ. "ಬೇರೆ ಏನಾದ್ರೂ ಓದು, ಎಮ್ಮೆ ಮಾರಿಯಾದ್ರೂ ಓದಿಸ್ತೀನಿ. ಬರ್ಕೊಡಲ್ಲ," ಎಂದಷ್ಟೇ ಹೇಳಿದರು. ಬೇರೆ ಏನು ಓದಬೇಕೆಂದು ನನಗೆ ತೋಚಲಿಲ್ಲ. ಎರಡು ದಿನ ಉಳಿದಾಗ ಅರ್ಜಿಯನ್ನು ಮಡಚಿ ಡೈರಿಯ ಕೊನೆಯ ಪುಟಕ್ಕೆ ಇಟ್ಟೆ. ಅಂದಿನ ಪುಟದಲ್ಲಿ ಎಮ್ಮೆ ಕರೆದ ಹಾಲಿನ ಲೆಕ್ಕ ಬಿಟ್ಟರೆ ಬೇರೇನೂ ಬರೆದಿಲ್ಲ.

ಮರುದಿನ ಬೆಳಿಗ್ಗೆ ಉಲ್ಲಾಳದಿಂದ ಅತ್ತೆ ಬಂದರು. ಅಪ್ಪನ ತಂಗಿ. ನಮ್ಮ ಬಳಗದಲ್ಲಿ ಅಣ್ಣನ ಮಗಳನ್ನು ತನ್ನ ಮಗನಿಗೆ ತಂದುಕೊಳ್ಳುವುದು ಅತ್ತೆಯ ಹಕ್ಕು ಎಂದೇ ನಡೆದುಬಂದಿದೆ. ಅತ್ತೆಗೆ ಮೂರು ಗಂಡುಮಕ್ಕಳು. ನನ್ನ ಹಕ್ಕುದಾರ ದೊಡ್ಡವನು.

"ನರ್ಸಮ್ಮ ಆಗ್ತಾಳಂತೆ ನಿನ್ ಮಗಳು? ಕಂಡೋರ ಉಚ್ಚೆ ಬಾಚೋಕೆ?" ಅತ್ತೆ ಜಗಲಿಯ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತ ಕೇಳಿದರು. "ಬರ್ಕೊಡಲ್ಲ ಅಂದ್ಯಂತೆ. ಒಳ್ಳೆ ಕೆಲಸ ಮಾಡ್ದೆ ಕಣಣ್ಣ. ಹೆಂಗೂ ಮನೇಲಿದಾಳೆ, ಆಷಾಢ ಕಳೀಲಿ, ಮುಗಿಸ್ಬಿಡಾಣ. ಇವತ್ತೇ ಮಾತು ಕೊಟ್ಬಿಡು."

ಅಪ್ಪ ಎಮ್ಮೆಗೆ ಹಿಂಡಿ ಕಲಸುತ್ತಿದ್ದರು. ಕೈ ನಿಲ್ಲಿಸಲಿಲ್ಲ. "ಮಾತು ಅಂದ್ರೆ ಎಷ್ಟು ವರ್ಷಕ್ಕೆ?" ಎಂದರು.

"ಏನ್ ಮಾತು ಅಂತ ಆಡ್ತೀಯ. ಮದುವೆಗೆ ವರ್ಷ ಅಂತ ಇರ್ತೈತಾ?"

ಅಪ್ಪ ಹಿಂಡಿಯನ್ನೆಲ್ಲ ಕಲಸಿ ಮುಗಿಸಿದರು. ಬಕೆಟ್ಟು ಎಮ್ಮೆಯ ಮುಂದಿಟ್ಟರು. ಕೈ ತೊಳೆದರು. ಆಮೇಲೆ, "ಮಾತು ಕೊಡೋಕಾಗಲ್ಲ ಕಣವ್ವ. ನಾಳೆ ಸರ್ಕಾರಕ್ಕೆ ಬರ್ಕೊಡ್ತಾ ಇದೀನಿ. ಆರು ವರ್ಷ ಅವಳು ಸರ್ಕಾರದೋಳು," ಎಂದರು.

ಒಳಗೆ ಅಮ್ಮನ ಕೈಯಿಂದ ಏನೋ ಬಿತ್ತು. ತಂಬಿಗೆ ಎಂದು ಬರೆದಿಟ್ಟಿದ್ದೇನೆ.

ಮರುದಿನ ಕೊನೆಯ ದಿನ. ನಾವಿಬ್ಬರೂ ಏರಿ ಸುತ್ತಿಕೊಂಡೇ ಬಸ್ಸಿಗೆ ಹೋದೆವು. ಮೆಜೆಸ್ಟಿಕ್‌ನಲ್ಲಿಳಿದು ನಡೆದು ಅರ್ಜಿ ಕೊಡಬೇಕಾದ ಆಸ್ಪತ್ರೆಯ ಕಚೇರಿ ಸೇರುವಾಗ ಹತ್ತೂಮುಕ್ಕಾಲು. ನನ್ನ ಅರ್ಜಿ ನೋಡಿದ ಗುಮಾಸ್ತರು ಎಲ್ಲ ಸರಿಯಿದೆ ಎಂದು ಮೂರನೆಯ ಹಾಳೆಯನ್ನು ಅಪ್ಪನ ಕಡೆ ತಳ್ಳಿ, ಬೆರಳಿಗೆ ಮಸಿ ಹಚ್ಚುವ ಪ್ಯಾಡನ್ನೂ ಪಕ್ಕಕ್ಕಿಟ್ಟರು. ಅಪ್ಪ ಪ್ಯಾಡನ್ನು ಹಿಂದಕ್ಕೆ ಸರಿಸಿದರು. ಕಿಟಕಿಯ ಬಳಿ ಹೋಗಿ ನಿಂತು, ಸಾಲಿನ ಕೆಳಗೆ ಬೆರಳಿಟ್ಟು, ತುಟಿಯಲ್ಲೇ ಓದತೊಡಗಿದರು. ಅಪ್ಪ ನಾಲ್ಕನೆಯ ತರಗತಿಯವರೆಗೆ ಓದಿದವರು. ಸರ್ಕಾರದ ಕನ್ನಡ ಅವರಿಗೆ ಅರ್ಥವಾಗಲಿಕ್ಕಿಲ್ಲ ಎಂದು ನಾನು ಹತ್ತಿರ ಹೋದೆ. ಬೇಡ ಎಂದು ಕೈ ಅಡ್ಡ ಹಿಡಿದರು. ಓದಿ ಮುಗಿಸಲು ಇಪ್ಪತ್ತೈದು ನಿಮಿಷ ಹಿಡಿಯಿತು.

"ಇದ್ರಲ್ಲಿ ಎಷ್ಟು ವರ್ಷ ಅಂತ ಬರ್ದೈತೆ," ಎಂದರು ನನಗೆ. ಪರವಾಗಿಲ್ಲ ಅನ್ನುವ ದನಿ. ಆಮೇಲೆ ಗುಮಾಸ್ತರ ಮೇಜಿಗೆ ಬಂದರು. "ಸ್ವಾಮಿ, ನಾವು ಬರ್ಕೊಡೋದು ಆಯ್ತು. ನೀವೇನ್ ಬರ್ಕೊಡ್ತೀರಿ?"

ಗುಮಾಸ್ತರು ಕನ್ನಡಕ ತೆಗೆದರು. "ಸರ್ಕಾರ ಬರೆದುಕೊಡೋದಿಲ್ಲ ಕಣ್ರಿ. ಬರೆಸಿಕೊಳ್ಳುತ್ತೆ."

"ಹಂಗಾದ್ರೆ ಅಧಿಕಾರಿಗಳು ಬರ್ಲಿ. ಅವ್ರನ್ನೇ ಕೇಳ್ತೀನಿ."

"ಮೇಡಂ ರೌಂಡ್ಸಿಗೆ ಹೋಗಿದಾರೆ. ಊಟ ಆದ್ಮೇಲೆ ಬರ್ತಾರೆ. ಐದಕ್ಕೆ ಕೌಂಟರ್ ಮುಚ್ತೀವಿ, ನೋಡ್ಕೊಳ್ಳಿ."

ಅಪ್ಪ ಬೆಂಚಿನ ಮೇಲೆ ಕುಳಿತರು. ನಾನೂ ಕುಳಿತೆ. ನಮ್ಮ ಕಣ್ಣೆದುರಿಗೆ ಇಪ್ಪತ್ತೆರಡು ಹುಡುಗಿಯರು ಅರ್ಜಿ ಕೊಟ್ಟು ಹೋದರು. ಅವರ ಅಪ್ಪಂದಿರು ಯಾರೂ ಏನೂ ಕೇಳಲಿಲ್ಲ. ಹೆಬ್ಬೆಟ್ಟು ಒತ್ತಿದವರು ಎಂಟು, ಸಹಿ ಹಾಕಿದವರು ಹದಿನಾಲ್ಕು. ಎರಡು ಗಂಟೆಗೆ ಅಪ್ಪ ಹೊರಗೆ ಹೋಗಿ ಕಡಲೆಕಾಯಿ ತಂದರು. ಸಿಪ್ಪೆಯನ್ನು ಕಚೇರಿಯ ನೆಲಕ್ಕೆ ಹಾಕದೆ ಟವೆಲಿನಲ್ಲಿ ಕಟ್ಟಿಕೊಂಡರು. ನನಗೆ ಅವರ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ, ಇದನ್ನು ಬರೆಯುವಾಗಲೂ ಅದರ ಬಿಸಿ ಒಂದಿಷ್ಟು ಉಳಿದಿದೆ. ಇಷ್ಟು ದೂರ ಬಂದು, ಒಂದು ಸಹಿಗೆ ಇಷ್ಟು ಹತ್ತಿರ ಕೂತು, ಈ ಮನುಷ್ಯ ಸರ್ಕಾರದೊಂದಿಗೆ ಚೌಕಾಸಿ ಮಾಡುತ್ತಿದ್ದಾರಲ್ಲ. ಮೂರೂಮುಕ್ಕಾಲಾಯಿತು. ನಾಲ್ಕೂಕಾಲಾಯಿತು.

ನಾಲ್ಕೂವರೆಗೆ ಮೇಡಂ ಬಂದರು. ಬಿಳಿ ಸೀರೆ, ನಡುವಯಸ್ಸು, ನಡಿಗೆಯಲ್ಲಿ ಆಯಾಸ. ಗುಮಾಸ್ತರು ಎದ್ದು ನಿಂತು ನಮ್ಮ ಕಡೆ ತೋರಿಸಿ, "ಇವರು ಬೆಳಿಗ್ಗೆಯಿಂದ ಕೂತಿದಾರೆ ಮೇಡಂ. ಸರ್ಕಾರ ಏನು ಬರೆದುಕೊಡುತ್ತೆ ಅಂತ ಕೇಳ್ತಾರೆ," ಎಂದರು. ಮುಖದಲ್ಲಿ ನಗು ಇತ್ತು. ಮೇಡಂ ನಗಲಿಲ್ಲ. ಅಪ್ಪನ ಕೈಯಿಂದ ಹಾಳೆ ತೆಗೆದುಕೊಂಡು ಹಿಂದುಮುಂದು ಮಾಡಿದರು.

"ಗೌಡ್ರೇ, ಹಿಂದಿನ ಪುಟ ಓದಿದ್ರಾ?"

ಹಿಂದಿನ ಪುಟವೊಂದಿದೆ ಎಂದು ಅಪ್ಪನಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಮಚ್ಚೆ ಹುಡುಕಿಸಿಕೊಂಡ ನಾನು, ಹೆಜ್ಜೆ ಎಣಿಸಿದ ನಾನು, ಅಷ್ಟೂ ದಿನ ಆ ಹಾಳೆಯನ್ನು ಇಟ್ಟುಕೊಂಡು ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ. ಅಲ್ಲಿ ಮಸಕಾದ ಅಕ್ಷರದಲ್ಲಿ ಏಳು ಸಾಲುಗಳಿದ್ದವು. ಊಟ, ವಸತಿ, ವೇತನ, ಕಾಯಿಲೆ ಬಿದ್ದರೆ ಚಿಕಿತ್ಸೆ, ವರ್ಷಕ್ಕೆ ಇಷ್ಟು ರಜೆ, ತರಬೇತಿ ಮುಗಿದ ಮೇಲೆ ಕೆಲಸ ಕೊಡುವುದು ಸರ್ಕಾರದ ಹೊಣೆ.

"ಇದು ನಾವು ಬರೆದುಕೊಡೋದು," ಎಂದರು ಮೇಡಂ. "ಇದಕ್ಕೆ ನಾನು ಸಹಿ ಹಾಕ್ತೀನಿ. ಮೊದಲು ನಾನು ಹಾಕಲಾ, ನೀವು ಹಾಕ್ತೀರಾ?"

"ನೀವೇ ಹಾಕಿ ತಾಯಿ," ಎಂದರು ಅಪ್ಪ.

ಮೇಡಂ ನಿಂತಲ್ಲೇ ಸಹಿ ಹಾಕಿದರು. ಅಪ್ಪ ಹಿಂದಿನ ಪುಟವನ್ನೂ ಪೂರ್ತಿ ಓದಿದರು. ಗುಮಾಸ್ತರು ಗಡಿಯಾರ ನೋಡುತ್ತಿದ್ದರು. ಐದಕ್ಕೆ ಆರು ನಿಮಿಷ ಇರುವಾಗ ಅಪ್ಪ ತಮ್ಮ ಹೆಸರನ್ನು ಇನಿಷಿಯಲ್ ಸಮೇತ ಬರೆದರು. ಅವರ ಸಹಿಯನ್ನು ನಾನು ನೋಡಿದ್ದು ಅದೇ ಮೊದಲು. ಅಕ್ಷರ ದುಂಡಗಿತ್ತು.

ಆಮೇಲಿನ ಆರು ವರ್ಷಗಳ ಮಾತು ಬೇಗ ಮುಗಿಸಬಹುದು. ತರಬೇತಿ ಆಯಿತು. ಮಾಗಡಿ ಕಡೆ ಎರಡು ವರ್ಷ, ಕೆಂಗೇರಿಯಲ್ಲಿ ಒಂದು ವರ್ಷ ಕೆಲಸ ಆಯಿತು. ಎಳೆದ ಜ್ವರದ ಗೆರೆಗಳ ಲೆಕ್ಕ ಬೇರೆ ಪುಸ್ತಕದಲ್ಲಿದೆ. ಅತ್ತೆ ಪ್ರತಿ ಹಬ್ಬಕ್ಕೂ ಬಂದು ಕೇಳುತ್ತಿದ್ದರು, ಅಪ್ಪ ಪ್ರತಿ ಹಬ್ಬಕ್ಕೂ "ಸರ್ಕಾರಕ್ಕೆ ಬರ್ಕೊಟ್ಟಿದೀನಲ್ಲವ್ವ, ಏನ್ ಮಾಡ್ಲಿ?" ಅನ್ನುತ್ತಿದ್ದರು. ನನ್ನನ್ನು ಕೇಳಿದರೆ ನಾನೂ "ಬಾಂಡ್ ಇದೆ ಅತ್ತೆ" ಅನ್ನುತ್ತಿದ್ದೆ. ದೊಡ್ಡವನ ಮದುವೆಯಾಯಿತು. ನಡುವಿನವನದೂ ಆಯಿತು. ಈಗಿನ ಹಕ್ಕುದಾರ ಮೂರನೆಯವನು, ನನಗಿಂತ ಎರಡು ತಿಂಗಳಿಗೆ ದೊಡ್ಡವನು.

ಹೀಗಿರುವಾಗ ಮಂಗಳವಾರ ಆ ಬಿಡುಗಡೆಯ ಕಾಗದ ಬಂತು. ಅದನ್ನು ಓದುತ್ತಿದ್ದಂತೆ ನನಗೆ ಅಪ್ಪನ ಮೊದಲನೆಯ ಮುಚ್ಚಳಿಕೆ ನೆನಪಾಯಿತು. ಅದರಿಂದ ಅವರನ್ನು ಯಾರೂ ಬಿಡುಗಡೆ ಮಾಡಿಲ್ಲವಲ್ಲ. ಇವತ್ತಿಗೂ ಏರಿ ಸುತ್ತುತ್ತಾರೆ. ಸಂಜೆ ಮನೆಯಲ್ಲಿ ನನ್ನ ಕಾಗದವನ್ನಷ್ಟೇ ತೋರಿಸಿದೆ. ಗುರುವಾರ ನಮ್ಮ ಕೇಂದ್ರಕ್ಕೆ ಒಬ್ಬ ಹೆಡ್ ಕಾನ್‌ಸ್ಟೇಬಲ್ ಕಾಲಿಗೆ ಮೊಳೆ ಚುಚ್ಚಿಕೊಂಡು ಟೆಟನಸ್ ಇಂಜೆಕ್ಷನ್ನಿಗೆ ಬಂದರು. ಚುಚ್ಚುವ ಮೊದಲೇ ಕೇಳಿದೆ. "ಸಾರ್, ಜಮೀನಿನ ತಂಟೆಗೆ ಹೋಗಲ್ಲ ಅಂತ ಸ್ಟೇಷನ್ನಲ್ಲಿ ಮುಚ್ಚಳಿಕೆ ಬರೆದುಕೊಟ್ರೆ ಎಷ್ಟು ದಿನ ನಡೆಯುತ್ತೆ?"

"ಅಂಥವೆಲ್ಲ ಸಾಮಾನ್ಯವಾಗಿ ಒಂದು ವರ್ಷ ಸಿಸ್ಟರ್. ಅದರಲ್ಲೇ ಬರೆದಿರುತ್ತೆ. ಯಾರ್ದು?"

"ಒಬ್ಬರದು," ಎಂದು ಸೂಜಿ ಹಾಕಿದೆ.

ಒಂದು ವರ್ಷ. ಅಂದಿನಿಂದ ಎಷ್ಟು ವರ್ಷ ಆಯಿತು, ದಿನಕ್ಕೆ ಎಷ್ಟು ಹೆಜ್ಜೆ ಹೆಚ್ಚು ಎಂದು ಬಸ್ಸಿನಲ್ಲಿ ಕೂಡತೊಡಗಿ ಅರ್ಧಕ್ಕೆ ಬಿಟ್ಟೆ. ನಿನ್ನೆ ಭಾನುವಾರ. ಅಪ್ಪ ಕೊಟ್ಟಿಗೆಯಲ್ಲಿದ್ದರು. ನನಗೆ ನಿಧಾನವಾಗಿ ಹೇಳಲು ಬರುವುದಿಲ್ಲ. ವಾರ್ಡಿನಲ್ಲಿ ಹೇಳುವ ಹಾಗೆ ಹೇಳಿದೆ. "ಅಪ್ಪ, ನಿಮ್ಮ ಮುಚ್ಚಳಿಕೆ ಒಂದೇ ವರ್ಷಕ್ಕಂತೆ. ಎಂದೋ ಮುಗಿದಿದೆ. ಆ ರಸ್ತೇಲಿ ಓಡಾಡಬಹುದು."

ಅಪ್ಪ ಎಮ್ಮೆಯ ಕೆಚ್ಚಲಿನಿಂದ ಕೈ ತೆಗೆಯಲಿಲ್ಲ. "ಗೊತ್ತು," ಎಂದರು.

"ಗೊತ್ತಾ?"

"ಓದ್ದೆ ಇರೋ ಕಾಗದಕ್ಕೆ ನಾನ್ಯಾವಾಗ ಸಹಿ ಹಾಕಿದೀನಿ?"

ಅಪ್ಪ ಕೆಚ್ಚಲಿನ ಇನ್ನೊಂದು ಬದಿಗೆ ಕೈ ಹಾಕಿದರು. "ಆ ಮನೆಗಳ್ನ ನೋಡೋಕಾಗಲ್ಲ ಕಣಮ್ಮ," ಎಂದರು. "ನೋಡೋಕಾಗಲ್ಲ ಅಂದ್ರೆ ಯಾಕೆ, ಏನು, ಅಂತ ನಿಮ್ಮಮ್ಮನಿಂದ ಹಿಡ್ದು ಎಲ್ಲರೂ ಕೇಳ್ತಾರೆ. ಬರ್ಕೊಟ್ಟಿದೀನಿ ಅಂದ್ರೆ ಯಾರೂ ಕೇಳಲ್ಲ."

ನಾನು ಕರುವಿನ ಹಗ್ಗ ಹಿಡಿದು ನಿಂತಿದ್ದೆ. ಆರು ವರ್ಷ ಬಾಂಡ್ ಇದೆ ಬಾಂಡ್ ಇದೆ ಎಂದು ನಾನು ಹೇಳುತ್ತ ಬಂದದ್ದು ಯಾವ ಮಾತಿನ ಬದಲಿಗೆ ಎಂದು ಯೋಚಿಸುತ್ತಿದ್ದೆ. ಅಪ್ಪ ಪಾತ್ರೆ ಎತ್ತಿಕೊಂಡು ಎದ್ದರು.

"ನಿಂದು ಮುಗಿದಿದ್ದು ಅತ್ತೆಗೆ ಹೇಳಿದ್ಯಾ?"

"ಇಲ್ಲ."

"ನಾನೂ ಹೇಳಿಲ್ಲ."

"ನಾನೇ ಹೇಳ್ತೀನಿ ಅಪ್ಪ. ಮುಗೀತು ಅಂತ. ಕೆಲಸ ಬಿಡಲ್ಲ, ನಿಮ್ಮ ಮಗನ್ನ ಮದುವೆ ಆಗೋ ಮನಸ್ಸಿಲ್ಲ ಅಂತ."

ಅಪ್ಪ ನನ್ನನ್ನು ನೋಡಿದರು. ನನ್ನ ಎತ್ತರವನ್ನು ಅರ್ಜಿಯಲ್ಲಿ ತುಂಬುವವರ ಹಾಗೆ ಅಡಿಯಿಂದ ಮುಡಿಯವರೆಗೆ ನೋಡಿದರು. ಹಾಲನ್ನು ಕ್ಯಾನಿಗೆ ಸುರಿದು ಮುಚ್ಚಳ ಒತ್ತಿದರು.

"ಹೇಳೋ ದಿನ ಮುಂಚೇನೇ ತಿಳಿಸು," ಎಂದರು. "ನಾನು ಮನೇಲಿರಲ್ಲ."

ಇವತ್ತು ಬೆಳಿಗ್ಗೆ ಸೇವೆಯಲ್ಲಿ ಮುಂದುವರಿಯುವುದಾಗಿ ಬರೆದು, ಹಿಂದುಮುಂದು ತಿರುಗಿಸಿ ನೋಡಿ, ಅಂಚೆಗೆ ಹಾಕಿದ್ದೇನೆ. ಅತ್ತೆಗೂ ಕಾಗದ ಹಾಕಿದ್ದೇನೆ. ಬರುವ ಭಾನುವಾರ ಊಟಕ್ಕೆ ಬನ್ನಿ, ಒಂದು ವಿಷಯ ಹೇಳುವುದಿದೆ ಎಂದು. ದಿನವನ್ನು ಅಪ್ಪನಿಗೂ ತಿಳಿಸಿಯಾಗಿದೆ.